ಆಂಪ್ ಕೊನೆಗೆ ಕೊಳ್ಳಿ: ಹವ್ಯಾಸಿ ಬೇಸ್ ವಾದಕರಿಗೆ ವೇದಿಕೆಗೂ ಮನೆಯ ರೆಕಾರ್ಡಿಂಗ್‌ಗೂ ಸಲಕರಣೆ ಆರಿಸುವ ಬಗೆ

ಗಣೇಶನ ಪೆಂಡಾಲಿನ ಪಕ್ಕದಲ್ಲಿ ಹಾಕಿದ್ದ ವೇದಿಕೆ. ಆರ್ಕೆಸ್ಟ್ರಾ ಶುರುವಾಗಲು ಇನ್ನು ಅರ್ಧ ಗಂಟೆ ಇತ್ತು. ಕೆಲವು ತಿಂಗಳ ಉಳಿತಾಯದಲ್ಲಿ ಕೊಂಡಿದ್ದ 20 ವಾಟ್‌ನ ಬೇಸ್ ಆಂಪನ್ನು, ಅಂದರೆ ಆಂಪ್ಲಿಫೈಯರನ್ನು, ಸ್ಕೂಟರಿನಲ್ಲಿ ಕಾಲಿಡುವ ಜಾಗಕ್ಕೆ ಒತ್ತಿಕೊಂಡು ಹೋಗಿದ್ದೆ. ಸೌಂಡ್‌ನವರು ಅದನ್ನೊಮ್ಮೆ ನೋಡಿ, "ಅದು ಅಲ್ಲೇ ಇರ್ಲಿ ಸರ್, ನಮ್ಗೊಂದು ಲೈನ್ ಕೊಡಿ ಸಾಕು" ಅಂದರು. ವಾದ್ಯದ ಸದ್ದನ್ನು ಮಿಕ್ಸರಿಗೆ ತಕ್ಕಂತೆ ಮಾಡಿ ಕಳಿಸುವ ಡಿಐ ಬಾಕ್ಸ್ ನನ್ನ ಹತ್ತಿರ ಇರಲಿಲ್ಲ, ಅವರ ಹತ್ತಿರವೂ ಇರಲಿಲ್ಲ. ಬೇಸ್ ಗಿಟಾರಿನಿಂದ ನೇರ ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಕೇಬಲ್ ಚುಚ್ಚಿದೆವು. ಮೂರು ಗಂಟೆ ನುಡಿಸಿದೆ. ಅಷ್ಟು ಹೊತ್ತೂ ನನ್ನ ಬೇಸ್ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ ಕೇಳಿಸಿತು. ಮರುದಿನ ಗೆಳೆಯನೊಬ್ಬ ಮೊಬೈಲಿನಲ್ಲಿ ತೆಗೆದ ವಿಡಿಯೊ ಕಳಿಸಿದ. ಅದರಲ್ಲಿ ಬೇಸ್ ಇತ್ತೆಂಬುದಕ್ಕೆ ನನ್ನ ಬೆರಳುಗಳೇ ಸಾಕ್ಷಿ.

ಆ ರಾತ್ರಿ ಆದದ್ದು ಏನೆಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಬ್ಯಾಟರಿ ಇಲ್ಲದ ಬೇಸ್ ಗಿಟಾರಿನ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ, ಬಲು ಸೂಕ್ಷ್ಮ. ಅದನ್ನು ಚುಚ್ಚುವ ಇನ್‌ಪುಟ್‌ನ ಇಂಪೀಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ತಡೆ) 1 ಮೆಗಾ ಓಮ್, ಅಂದರೆ 10 ಲಕ್ಷ ಓಮ್ ಆಸುಪಾಸು ಇರಬೇಕು. ಮಿಕ್ಸರಿನ ಲೈನ್ ಇನ್‌ಪುಟ್‌ನಲ್ಲಿ ಅದು ಸಾಮಾನ್ಯವಾಗಿ ಹತ್ತಿಪ್ಪತ್ತು ಸಾವಿರ ಓಮ್ ಮಾತ್ರ. ಪಿಕಪ್‌ಗೆ ಆ ಹೊರೆ ಜಾಸ್ತಿಯಾಗಿ ಸದ್ದು ಇಳಿಯುತ್ತದೆ, ಅದಕ್ಕಿಂತ ಮೊದಲು ಮೇಲಿನ ಆವರ್ತನಗಳು ಸಾಯುತ್ತವೆ. ಬೆರಳು ತಂತಿಯನ್ನು ಮುಟ್ಟಿದ ಆ "ಟಕ್" ಎಂಬ ಮೊದಲ ಸದ್ದು ಹೋದರೆ ಬೇಸ್ ಎಲ್ಲಿದೆಯೆಂದು ಕಿವಿಗೆ ಗೊತ್ತಾಗುವುದೇ ಇಲ್ಲ. ಆಂಪಿಗೆ ಸುರಿದ ದುಡ್ಡಿನ ಸ್ವಲ್ಪ ಭಾಗವನ್ನು ಡಿಐ ಬಾಕ್ಸಿಗೆ ಹಾಕಿದ್ದರೆ ಅಂದು ಜನ ನನ್ನ ವಾದ್ಯವನ್ನು ಕೇಳಿರುತ್ತಿದ್ದರು.

ವಾರವಿಡೀ ಬೇರೆ ಕೆಲಸ ಮಾಡಿ, ಶನಿವಾರ ಭಾನುವಾರ ಎಲ್ಲಾದರೂ ನುಡಿಸಿ, ರಾತ್ರಿ ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ನಾನು ಇದನ್ನು ಬರೆಯುತ್ತಿದ್ದೇನೆ. ನನ್ನ ನಿಲುವು ಒಂದೇ: ಮೊದಲು ಸರಿಯಾಗಿ ಸೆಟಪ್ ಮಾಡಿಸಿದ ಒಂದು ವಾದ್ಯ, ಆಮೇಲೆ ಅದರ ಸದ್ದನ್ನು ಕೆಡಿಸದೆ ಸಾಗಿಸುವ ಡಿಐ, ಆಮೇಲೆ ಇಂಟರ್‌ಫೇಸ್ (ವಾದ್ಯದ ಸದ್ದನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ಮತ್ತು ಹೆಡ್‌ಫೋನ್. ಆಂಪ್ ಕಟ್ಟಕಡೆಗೆ, ಅದೂ ಬೇಕೆನಿಸಿದರೆ.

ಯಾವ ಬೇಸ್?

ಅಂಗಡಿಯಲ್ಲಿ ಕಾಣುವ ಮಾದರಿಗಳು ಎಷ್ಟೇ ಇರಲಿ, ಹೆಚ್ಚಿನವುಗಳ ಬೇರು ಎರಡೇ. ಲಿಯೊ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್ ಒಂದು, 1960ರಲ್ಲಿ ಬಂದ ಜಾಝ್ ಬೇಸ್ ಇನ್ನೊಂದು. ವಾದಕರ ಬಾಯಲ್ಲಿ ಅವು ಪಿ ಮತ್ತು ಜೆ.

ಪಿ ಬೇಸ್‌ನಲ್ಲಿ ಒಂದೇ ಪಿಕಪ್. 1957ರಿಂದ ಅದನ್ನು ಎರಡು ತುಂಡು ಮಾಡಿ ಹಿಂದೆ ಮುಂದೆ ಕೂರಿಸಿದ್ದಾರೆ. ಎರಡೂ ಸೇರಿ ಕರೆಂಟಿನ ಗುಂಯ್ ಸದ್ದನ್ನು ಒಂದನ್ನೊಂದು ಕಳೆದುಹಾಕುತ್ತವೆ. ವಾಲ್ಯೂಮ್ ಒಂದು, ಟೋನ್ ಒಂದು, ಮುಗಿಯಿತು. ಸದ್ದಿನಲ್ಲಿ ನಡುಮಟ್ಟ ದಪ್ಪವಾಗಿ ನಿಲ್ಲುತ್ತದೆ. ಕೀಬೋರ್ಡು, ತಬಲಾ, ರಿದಮ್ ಪ್ಯಾಡ್, ಎರಡು ದನಿಗಳ ನಡುವೆ ನುಡಿಸಿದರೂ ಕಳೆದುಹೋಗುವುದಿಲ್ಲ. ಮನೆಯಲ್ಲಿ ಒಂಟಿಯಾಗಿ ಕೇಳಿದಾಗ ಒರಟು ಎನಿಸುವ ಅದೇ ಗುಣ ತಂಡದ ನಡುವೆ ಬಂದಾಗ ಆಸರೆಯಾಗುತ್ತದೆ. ಅಂಗಡಿಯಲ್ಲಿ ಒಂಟಿಯಾಗಿ ನುಡಿಸಿ ನೋಡಿ ಪಿ ಬೇಡ ಎಂದವರು ಮುಂದೆ ಮನಸ್ಸು ಬದಲಿಸಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಜೆ ಬೇಸ್‌ನಲ್ಲಿ ಎರಡು ಪಿಕಪ್. ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ ತುದಿ) ಹತ್ತಿರದ್ದನ್ನು ಹೆಚ್ಚಿಸಿದರೆ ಸದ್ದು ಮೂಗಿನಿಂದ ಬಂದಂತೆ ಚೂಪಾಗುತ್ತದೆ, ಓಡುವ ಸ್ವರಗಳು ಒಂದೊಂದಾಗಿ ಬಿಡಿಸಿ ಕೇಳುತ್ತವೆ. ನೆಕ್ (ಬೆರಳಿಟ್ಟು ಹಿಡಿಯುವ ಉದ್ದನೆಯ ಭಾಗ) ಸಹ ತೆಳು: ಅದರ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಾದ ನಟ್‌ನಲ್ಲಿ ಅಗಲ ಸುಮಾರು 38 ಮಿ.ಮೀ., ಪಿಯಲ್ಲಿ 41–42. ಚಿಕ್ಕ ಕೈಯವರಿಗೆ ಆ ಮೂರು ನಾಲ್ಕು ಮಿ.ಮೀ. ದೊಡ್ಡ ಉಪಕಾರ. ತೊಂದರೆ ಎಂದರೆ, ಎರಡೂ ಪಿಕಪ್ ಸಮವಾಗಿ ತೆರೆದಾಗ ಮಾತ್ರ ಗುಂಯ್ ಸದ್ದು ರದ್ದಾಗುತ್ತದೆ. ಒಂದನ್ನು ಇಳಿಸಿದೊಡನೆ ಅದು ತಲೆ ಎತ್ತುತ್ತದೆ. ಡಿಮ್ಮರ್ ಹಾಕಿದ ಬೆಳಕು, ಸೀರಿಯಲ್ ಸೆಟ್, ಹಳೆಯ ವೈರಿಂಗ್ ಇರುವ ನಮ್ಮ ವೇದಿಕೆಗಳಲ್ಲಿ ಇದು ಸಣ್ಣ ವಿಷಯವೇನಲ್ಲ.

ಎರಡರ ನಡುವಿನ ದಾರಿಯೂ ಇದೆ. ಪಿ ಪಿಕಪ್ ಮುಂದೆ, ಜೆ ಪಿಕಪ್ ಹಿಂದೆ ಇರುವ ಪಿಜೆ. ಯಮಾಹಾ ಟಿಆರ್‌ಬಿಎಕ್ಸ್ 174, ಐಬಾನೆಜ್ ಜಿಎಸ್‌ಆರ್ 200 ಇದೇ ಬಗೆಯವು, ಕಾರ್ಟ್‌ನಲ್ಲೂ ಸಿಗುತ್ತದೆ. ಒಂದೇ ವಾದ್ಯದಲ್ಲಿ ಎಲ್ಲ ಬಗೆಯ ಹಾಡಿಗೂ ನುಡಿಸಬೇಕಾದ ಹವ್ಯಾಸಿಗೆ ನಾನು ಮೊದಲು ತೋರಿಸುವುದು ಇದನ್ನೇ. ಮುಕ್ಕಾಲು ಪಾಲು ಹೊತ್ತು ಪಿ ಪಿಕಪ್ ಒಂದನ್ನೇ ಬಳಸುತ್ತೀರಿ. ಸ್ವಲ್ಪ ಚೂಪು ಬೇಕಾದಾಗ ಹಿಂದಿನದನ್ನು ತುಸು ತೆರೆಯುತ್ತೀರಿ. ಇನ್ನಷ್ಟು ದುಡ್ಡಿದ್ದರೆ ಸ್ಕ್ವಯರ್ ಕ್ಲಾಸಿಕ್ ವೈಬ್ ಸಾಲಿನ ಪಿ ಅಥವಾ ಜೆ ನೋಡಿ. ಅದರ ಮೇಲಿನ ಬೆಲೆಯವು ಚಂದವಿವೆ, ನಿಜ. ಆದರೆ ಹವ್ಯಾಸಿಯ ಕಿವಿಗೆ ಸಿಗುವ ವ್ಯತ್ಯಾಸ ಅಲ್ಲಿಂದಾಚೆ ಸಣ್ಣದಾಗುತ್ತಾ ಹೋಗುತ್ತದೆ.

ಆಕ್ಟಿವ್ ಬೇಸ್, ಅಂದರೆ ಒಳಗೆ ಬ್ಯಾಟರಿಯಿಂದ ನಡೆದು ಸಿಗ್ನಲ್ಲಿಗೆ ಬಲ ಕೊಡುವ ಪ್ರೀಆಂಪ್ ಇರುವ ಬೇಸ್ ಬೇಕೋ ಬೇಡವೋ? ಯಮಾಹಾ ಟಿಆರ್‌ಬಿಎಕ್ಸ್ 304 ಅಂಥದ್ದು. ಅದರ ದೊಡ್ಡ ಲಾಭವನ್ನು ಯಾರೂ ಹೇಳುವುದಿಲ್ಲ: ಡಿಐ ಇಲ್ಲದ ವೇದಿಕೆಯಲ್ಲಿ ಅದನ್ನು ನೇರ ಮಿಕ್ಸರಿಗೆ ಚುಚ್ಚಿದರೂ ನನಗಾದ ಗತಿ ಆಗುವುದಿಲ್ಲ, ಪ್ರೀಆಂಪ್ ಆ ಹೊರೆಯನ್ನು ತಾನೇ ಹೊರುತ್ತದೆ. ನಷ್ಟವೂ ಅಷ್ಟೇ ಖಚಿತ. ಬ್ಯಾಟರಿ ಸೋತಾಗ ಸದ್ದು ಒಡೆಯುತ್ತದೆ, ಹೆಚ್ಚಾಗಿ ಕಾರ್ಯಕ್ರಮದ ನಡುವೆಯೇ. ಕೇಬಲ್ ಚುಚ್ಚಿದ್ದರೆ ಸಾಕು, ನುಡಿಸದಿದ್ದರೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಮತ್ತೊಂದು ಅಪಾಯ, ಬೇಸ್ ಮತ್ತು ಟ್ರೆಬಲ್ ಎರಡನ್ನೂ ಏರಿಸಿ ನಡುಮಟ್ಟವನ್ನು ಟೊಳ್ಳು ಮಾಡುವ ಆಸೆ. ಕೋಣೆಯಲ್ಲಿ ಅದು ಸಿ.ಡಿ. ಕೇಳಿದ ಹಾಗೆ ಚಂದವಿರುತ್ತದೆ, ವೇದಿಕೆಯಲ್ಲಿ ಮಾಯವಾಗುತ್ತದೆ.

ಯಾವುದನ್ನೇ ಕೊಂಡರೂ ಒಂದೆರಡು ಸಾವಿರವನ್ನು ಸೆಟಪ್‌ಗೆ ಎತ್ತಿಡಿ. ನೆಕ್‌ನ ಬಾಗು, ತಂತಿಯ ಎತ್ತರ, ಇಂಟೋನೇಷನ್ (ನೆಕ್ ಉದ್ದಕ್ಕೂ ಸ್ವರ ಶುದ್ಧವಾಗಿ ಬರುವುದು) ಮೂರನ್ನೂ ತಿಳಿದವರಿಂದ ಸರಿಮಾಡಿಸಿ. ಹನ್ನೆರಡನೇ ಫ್ರೆಟ್ಟಿನಲ್ಲಿ (ಫ್ರೆಟ್ ಎಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ತಂತಿ 2ರಿಂದ 2.5 ಮಿ.ಮೀ. ಎತ್ತರದಲ್ಲಿದ್ದರೆ ಕೈಗೆ ಹಿತ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇರುವವರಿಗೆ ಇದು ಒಮ್ಮೆ ಮಾಡಿಸಿ ಮರೆಯುವ ಕೆಲಸವಲ್ಲ. ಮಳೆಗಾಲದ ತೇವಕ್ಕೆ ಮರ ಉಬ್ಬುತ್ತದೆ, ನೆಕ್ ಅಲುಗುತ್ತದೆ, ಬೇಸಿಗೆಯಲ್ಲಿ ತಿರುಗಿ ಇಳಿಯುತ್ತದೆ. ವರ್ಷಕ್ಕೆರಡು ಸಲ ಟ್ರಸ್ ರಾಡನ್ನು, ಅಂದರೆ ನೆಕ್ ಒಳಗಿನ ಲೋಹದ ಸರಳನ್ನು, ಕಾಲು ಸುತ್ತು ಆಚೀಚೆ ಮಾಡಬೇಕಾಗುವುದು ಸಹಜ. ಅದನ್ನು ಕಲಿತುಕೊಂಡರೆ ಇನ್ನೊಬ್ಬರಿಗಾಗಿ ಕಾಯಬೇಕಿಲ್ಲ. ಮಂಗಳೂರು, ಕಾರವಾರದ ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಿಸಾಡದೆ ಬ್ಯಾಗಿನಲ್ಲಿ ಹಾಕಿಡಿ.

ನಾಲ್ಕು ತಂತಿಯೋ ಐದೋ

ಇದಕ್ಕೆ ಹೊರಗಿನವರು ಕೊಡುವ ಉತ್ತರ ನಮಗೆ ಪೂರ್ತಿ ಹೊಂದುವುದಿಲ್ಲ. ಅವರ ಹಾಡುಗಳು ಇ, ಎ, ಜಿಯಲ್ಲಿ ಗಿಟಾರಿಗೆ ತಕ್ಕ ಹಾಗೆ ಕೂತಿರುತ್ತವೆ. ನಮ್ಮಲ್ಲಿ ಶ್ರುತಿಯನ್ನು ತೀರ್ಮಾನಿಸುವವರು ಹಾಡುವವರು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಗಂಡಸರು ಒಂದೂವರೆ ಮನೆ, ಎರಡು ಮನೆ ಅನ್ನುತ್ತಾರೆ. ಹೆಂಗಸರು ಐದು, ಐದೂವರೆ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಸುಮ್ಮನಾಗುತ್ತಾರೆ, ಬೇಸ್ ನುಡಿಸುವವರು ಮಾತ್ರ ಕೈಯನ್ನೇ ಸರಿಸಬೇಕು.

ಲೆಕ್ಕ ಹೀಗೆ. ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಸ್ವರ ಇ, 41.2 ಹರ್ಟ್ಜ್. ಹಾಡುಗಾರರ ಷಡ್ಜ ಎರಡು ಮನೆ, ಅಂದರೆ ಡಿ ಆದರೆ, ಆ ಇಗಿಂತ ಒಂದು ಸ್ವರ ಕೆಳಗಿನ ಷಡ್ಜ ನಿಮ್ಮ ಬಳಿ ಇಲ್ಲವೇ ಇಲ್ಲ. ಮೇಲಿನ ಡಿಯಲ್ಲೇ ಕೂರಬೇಕು. ಐದು ಮನೆಯಲ್ಲಿ, ಅಂದರೆ ಜಿಯಲ್ಲಿ ಹಾಡಿದರೆ ಷಡ್ಜ ಸಿಕ್ಕಿತು, ಮೂರನೇ ಫ್ರೆಟ್ಟಿನಲ್ಲಿ. ಅದರ ಕೆಳಗಿನ ಪಂಚಮ ಬೇಕೆಂದರೆ ಮತ್ತೆ ಅದೇ ಡಿ, ಮತ್ತೆ ಇಲ್ಲ. ಪಲ್ಲವಿ ಮುಗಿದು ಚರಣಕ್ಕೆ ಹೋಗುವಾಗ ಕೆಳಗಿನ ಪಂಚಮದಿಂದ ಷಡ್ಜಕ್ಕೆ ಏರಿ ನಿಲ್ಲುವ ಸುಖ ಗೊತ್ತಿರುವವರಿಗೆ ಈ ಕೊರತೆ ಚುಚ್ಚುತ್ತದೆ. ಐದು ತಂತಿಯ ಬೇಸ್ 30.9 ಹರ್ಟ್ಜ್‌ನ ಬಿವರೆಗೆ ಇಳಿಯುತ್ತದೆ. ಅದರ ಮೂರನೇ ಫ್ರೆಟ್ ಡಿ, ಎರಡನೆಯದು ಒಂದೂವರೆ ಮನೆ.

ಹಾಗಾಗಿ ಆರ್ಕೆಸ್ಟ್ರಾ, ಸುಗಮ ಸಂಗೀತ, ಭಜನೆ, ಚರ್ಚಿನ ಕಾಯಿರ್‌ಗೆ ನುಡಿಸುವವರಾದರೆ ಐದು ತಂತಿಯ ಕಡೆ ನನ್ನ ಒಲವು. ನಿಮ್ಮದೇ ಬ್ಯಾಂಡು, ನಿಮ್ಮದೇ ಹಾಡು, ಗಿಟಾರ್ ಮುಂದೆ ನಿಂತ ಸಂಗೀತವಾದರೆ ನಾಲ್ಕೇ ಸಾಕು. ಇ ತಂತಿಯನ್ನು ಒಂದು ಸ್ವರ ಇಳಿಸಿ ಡಿ ಮಾಡಿಕೊಳ್ಳುವ ದಾರಿಯೂ ಉಂಟು, ಒಂದೆರಡು ಹಾಡಿಗೆ ಪರವಾಗಿಲ್ಲ.

ಕಡಿಮೆ ಬೆಲೆಯ ಐದು ತಂತಿಯಲ್ಲಿ ಒಂದು ಮೋಸವಿದೆ. ಬಿ ತಂತಿ ಸಡಿಲವಾಗಿ, ಸ್ವರವಿಲ್ಲದೆ ಬರೀ ಗುಡುಗುತ್ತದೆ. ಕೊಳ್ಳುವ ಮೊದಲು ಬಿ ತಂತಿಯ ಐದನೇ ಫ್ರೆಟ್ಟನ್ನೂ ಬಿಡಿ ಇ ತಂತಿಯನ್ನೂ ಒಂದರ ಹಿಂದೊಂದು ನುಡಿಸಿ. ಎರಡೂ ಒಂದೇ ಸ್ವರ. ಬಿ ಮೇಲಿನದು ಮಂಕಾಗಿ, ಬೇಗ ಸತ್ತುಹೋದರೆ ಆ ವಾದ್ಯ ಬೇಡ. ತುಸು ಮಂಕಾದರೆ ದಪ್ಪ ತಂತಿ, .130 ಇಂಚಿನದು, ಹಾಕಿ ನೋಡಬಹುದು.

ವೇದಿಕೆಗೆ: ಡಿಐ, ಪೆಡಲ್, ಆಂಪ್

ದೊಡ್ಡ ಬೇಸ್ ಆಂಪ್‌ಗಳು ಹುಟ್ಟಿದ ಕಾಲ ಬೇರೆ. ಆಂಪೆಗ್ ಕಂಪನಿ 1969ರಲ್ಲಿ ಎಸ್‌ವಿಟಿ ತಂದಾಗ ಅದರ 300 ವಾಟ್, ಎಂಟೆಂಟು ಸ್ಪೀಕರಿನ ಡಬ್ಬಗಳು ಅಗತ್ಯವೇ ಆಗಿದ್ದವು. ಆಗ ವೇದಿಕೆಯ ಧ್ವನಿವರ್ಧಕಗಳು ಹೆಚ್ಚಾಗಿ ಹಾಡುವವರ ದನಿಗಷ್ಟೇ. ಬೇಸ್ ಎಲ್ಲರಿಗೂ ಕೇಳಬೇಕೆಂದರೆ ಅದರ ಆಂಪೇ ಕೇಳಿಸಬೇಕಿತ್ತು. ಇಂದು ಊರ ಹಬ್ಬದ ವೇದಿಕೆಯಲ್ಲೂ 18 ಇಂಚಿನ ಸಬ್‌ವೂಫರ್‌ಗಳು ಬಂದಿವೆ, ಡ್ರಮ್‌ನಿಂದ ಕೊಳಲಿನವರೆಗೆ ಎಲ್ಲವೂ ಮಿಕ್ಸರಿನ ಮೂಲಕ ಹೋಗುತ್ತದೆ. ನಿಮ್ಮ ಆಂಪ್ ನಿಮಗೊಬ್ಬರಿಗೆ ಮಾನಿಟರ್.

ರೆಕಾರ್ಡಿಂಗ್‌ನಲ್ಲಂತೂ ಇದು ಹಳೆಯ ಕಥೆ. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೊದಲ್ಲಿ ಜೇಮ್ಸ್ ಜೇಮರ್ಸನ್ ತನ್ನ ಪಿ ಬೇಸನ್ನು ಹೆಚ್ಚಾಗಿ ನೇರ ಕನ್ಸೋಲಿಗೇ ಕೊಟ್ಟು ನುಡಿಸಿದ. 1960ರ ದಶಕದ ಆ ಬೇಸ್ ಸದ್ದನ್ನು ಇಂದಿಗೂ ಜನ ಬೆನ್ನಟ್ಟುತ್ತಾರೆ. ಚಪ್ಪಟೆ ತಂತಿ, ಒಂದೇ ಬೆರಳು, ಒಂದು ಕೇಬಲ್.

ಸರಳ ಡಿಐ ಬಾಕ್ಸ್ ಎರಡು ಬಗೆ. ಒಳಗೆ ಟ್ರಾನ್ಸ್‌ಫಾರ್ಮರ್ ಮಾತ್ರ ಇರುವ ಪ್ಯಾಸಿವ್ ಡಿಐ, ವಿದ್ಯುತ್ ಬೇಕಾದ ಆಕ್ಟಿವ್ ಡಿಐ. ವಾಡಿಕೆಯ ಸೂತ್ರವೇ ಚೆನ್ನಾಗಿದೆ: ಪ್ಯಾಸಿವ್ (ಬ್ಯಾಟರಿ ಇಲ್ಲದ) ಬೇಸಿಗೆ ಆಕ್ಟಿವ್ ಡಿಐ, ಆಕ್ಟಿವ್ ಬೇಸಿಗೆ ಪ್ಯಾಸಿವ್ ಡಿಐ. ಆಕ್ಟಿವ್ ಡಿಐಗೆ ಮಿಕ್ಸರಿನಿಂದಲೇ 48 ವೋಲ್ಟ್ ಫ್ಯಾಂಟಮ್ ಪವರ್ ಬರುತ್ತದೆ, ಆದರೆ ಸಣ್ಣ ಮಿಕ್ಸರುಗಳಲ್ಲಿ ಅದು ಇರುವುದೆಂದು ನಂಬಿ ಹೋಗಬೇಡಿ. ಬ್ಯಾಟರಿಯಿಂದಲೂ ನಡೆಯುವ ಮಾದರಿಯೇ ಮೇಲು.

ಇದರ ಒಂದು ಮೆಟ್ಟಿಲು ಮೇಲೆ ಪ್ರೀಆಂಪ್ ಡಿಐ. ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ಇದರಲ್ಲಿ ಹೆಸರಾದದ್ದು, ಕಡಿಮೆ ಬೆಲೆಗೆ ಬೆರಿಂಜರ್ ಬಿಡಿಐ 21 ಇದೆ. ಸದ್ದಿಗೆ ಆಂಪಿನ ಬಿಸಿಯನ್ನೂ ತುಸು ಒರಟನ್ನೂ ಕೊಟ್ಟು ಎಕ್ಸ್‌ಎಲ್‌ಆರ್ (ಮೈಕಿಗೆ ಬಳಸುವ ಮೂರು ಪಿನ್ನಿನ) ಕೇಬಲಿನಲ್ಲಿ ನೇರ ಮಿಕ್ಸರಿಗೆ ಕಳಿಸುತ್ತದೆ. ನನ್ನ ಬ್ಯಾಗಿನಲ್ಲಿ ಈಗ ಇರುವುದು ಇಂಥದ್ದೇ. ಬೇರೆ ಬೇರೆ ಊರಿನ, ಬೇರೆ ಬೇರೆ ಸೌಂಡ್‌ನವರ ಕೈಗೆ ಪ್ರತಿ ಸಲ ಒಂದೇ ಸದ್ದನ್ನು ಒಪ್ಪಿಸುತ್ತೇನೆ ಎಂಬ ನೆಮ್ಮದಿ ಇದರಿಂದ ಬಂದಷ್ಟು ಬೇರೆ ಯಾವುದರಿಂದಲೂ ಬಂದಿಲ್ಲ.

ಮಲ್ಟಿ ಎಫೆಕ್ಟ್ ಪೆಡಲ್ ಮೂರನೆಯ ದಾರಿ. ಜೂಮ್ ಬಿ1 ಫೋರ್ ಅಂಗೈಯಗಲದ್ದು, ನಾಲ್ಕು ಎಎ ಸೆಲ್‌ನಲ್ಲಿ ನಡೆಯುತ್ತದೆ. ಟ್ಯೂನರ್, ರಿದಮ್, ಕಂಪ್ರೆಸರ್, ಆಂಪಿನ ನಕಲು, ಹೆಡ್‌ಫೋನ್ ಜ್ಯಾಕ್ ಎಲ್ಲವೂ ಇದೆ. ರಾತ್ರಿ ಹನ್ನೊಂದಕ್ಕೆ ಮನೆಯವರ ನಿದ್ದೆ ಕೆಡಿಸದೆ ಅಭ್ಯಾಸ ಮಾಡಲು ಇಷ್ಟು ಬೆಲೆಗೆ ಇದನ್ನು ಮೀರಿಸುವುದು ನನಗೆ ಕಂಡಿಲ್ಲ. ಎಕ್ಸ್‌ಎಲ್‌ಆರ್ ಔಟ್‌ಪುಟ್ ಮಾತ್ರ ಇಲ್ಲ. ವೇದಿಕೆಯಲ್ಲಿ ಉದ್ದದ ಕೇಬಲ್ ಎಳೆಯಲು ಇದರ ನಂತರ ಸರಳ ಡಿಐ ಒಂದು ಬೇಕು. ಮೊದಲ ವರ್ಷದವರಿಗೆ ಈ ಜೋಡಿಯೇ ಸಾಕಾಗುತ್ತದೆ: ಪೆಡಲ್ ಜೊತೆಗೆ ಪ್ಯಾಸಿವ್ ಡಿಐ.

ಇಷ್ಟಾದ ಮೇಲೆ ಆಂಪ್. ಡ್ರಮ್ ಬಾರಿಸುವವರಿಗೆ ನಿಮ್ಮ ಬೇಸ್ ಕೇಳಲೇಬೇಕು, ವೇದಿಕೆಯ ಮಾನಿಟರ್ ಅನೇಕ ಕಡೆ ಹಾಡುವವರ ಮುಂದೆ ಒಂದೇ ಇರುತ್ತದೆ. ಅಂಥ ಕಡೆ ಸಣ್ಣ ಕಾಂಬೊ (ಆಂಪ್, ಸ್ಪೀಕರ್ ಒಂದೇ ಡಬ್ಬದಲ್ಲಿರುವುದು) ಉಪಯೋಗಕ್ಕೆ ಬರುತ್ತದೆ. ನೋಡಬೇಕಾದ್ದು ಎರಡು: ಎಕ್ಸ್‌ಎಲ್‌ಆರ್ ಲೈನ್ ಔಟ್ ಇದೆಯೇ, ತೂಕ ಎಷ್ಟು. ಫೆಂಡರ್ ರಂಬಲ್ 40 ಸುಮಾರು 8 ಕಿಲೊ, ರಂಬಲ್ 100 ಸುಮಾರು 10 ಕಿಲೊ. ಎರಡನ್ನೂ ಆಟೊದಲ್ಲಿ ತೊಡೆಯ ಮೇಲಿಟ್ಟು ಒಯ್ಯಬಹುದು. ಮಿಕ್ಸರಿನ ಸಹಾಯವಿಲ್ಲದೆ ನಿಜವಾದ ಡ್ರಮ್ ಸೆಟ್ಟಿನ ಎದುರು ನಿಲ್ಲಬೇಕೆಂದರೆ 40 ವಾಟ್ ಸಾಲದು. ರಂಬಲ್ 500 ಬೇಕಾದೀತು, ಅದು ಹದಿನಾರೂವರೆ ಕಿಲೊ. ಅದರಲ್ಲೂ ಹೆಸರಿನ 500 ವಾಟ್ ಇನ್ನೊಂದು ಕ್ಯಾಬಿನೆಟ್ ಜೋಡಿಸಿದರೆ ಮಾತ್ರ, ತನ್ನ ಸ್ಪೀಕರಿಗೆ ಅದು ಕೊಡುವುದು 350. ವಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ ಎಂಬುದೂ ಲೆಕ್ಕದಲ್ಲಿರಲಿ. 20 ವಾಟ್ ಬಿಟ್ಟು 40 ಕೊಂಡರೆ ದುಪ್ಪಟ್ಟು ಗಟ್ಟಿ ಕೇಳುವುದಿಲ್ಲ.

ಜನರೇಟರಿನ ವೇದಿಕೆಗಳ ಬಗ್ಗೆ ಒಂದು ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಅರ್ಥಿಂಗ್ ಸರಿಯಿಲ್ಲದಿದ್ದರೆ ನಿಮ್ಮ ಕೈ ತಂತಿಯ ಮೇಲಿರುವಾಗ ತುಟಿ ಮೈಕಿಗೆ ತಾಗಿ ಶಾಕ್ ಹೊಡೆಯುತ್ತದೆ, ಅದು ಪ್ರಾಣಕ್ಕೂ ಬರಬಹುದು. ಮೈಕಿನ ಜಾಲರಿಗೆ, ಆಂಪಿನ ಲೋಹಕ್ಕೆ ಟೆಸ್ಟರ್ ಇಟ್ಟು ನೋಡಿ. ಮಿಣುಕಿದರೆ ನುಡಿಸಬೇಡಿ, ಸರಿಮಾಡಿಸಿ. ಗುಂಯ್ ಸದ್ದು ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿಯುವವರನ್ನು ನೋಡಿದ್ದೇನೆ. ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. ಡಿಐ ಮೇಲೆ ಗ್ರೌಂಡ್ ಲಿಫ್ಟ್ ಎಂಬ ಸಣ್ಣ ಗುಂಡಿ ಇರುವುದು ಅದಕ್ಕೇ. ಅದು ಸಿಗ್ನಲ್ ಕೇಬಲಿನ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ, ಮೇನ್ಸ್ ಅರ್ಥ್ ಹಾಗೇ ಉಳಿಯುತ್ತದೆ.

ಮನೆಯಲ್ಲಿ

ಮನೆಯ ರೆಕಾರ್ಡಿಂಗ್ ಎಂದೊಡನೆ ಎಲ್ಲರೂ ಮೈಕ್, ಸ್ಪೀಕರ್ ಎನ್ನುತ್ತಾರೆ. ಬೇಸಿಗೆ ಎರಡೂ ಆಮೇಲಿನ ಮಾತು. ಮೊದಲು ನಿಮ್ಮ ಕೋಣೆಯನ್ನು ಅಳೆಯಿರಿ.

ನಮ್ಮಲ್ಲಿ ಹತ್ತು ಅಡಿಗೆ ಹತ್ತು ಅಡಿಯ ಕೋಣೆ ಸಾಮಾನ್ಯ, ಚಾವಣಿಯೂ ಹತ್ತಡಿ ಆಸುಪಾಸು. ಎದುರು ಬದುರು ಗೋಡೆಗಳ ನಡುವೆ ಹತ್ತಡಿ ಇದ್ದರೆ 56 ಹರ್ಟ್ಜ್ ಸುಮಾರಿನ ಸದ್ದು ಅಲ್ಲಿ ನಿಂತ ಅಲೆಯಾಗುತ್ತದೆ. ಬೇಸ್‌ನ ಬಿಡಿ ಎ ತಂತಿ 55 ಹರ್ಟ್ಜ್. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದಾಗ ಮೂರು ದಿಕ್ಕಿನಿಂದಲೂ ಅದೇ ಒಂದು ಸ್ವರ ಊದಿಕೊಳ್ಳುತ್ತದೆ. ಗೋಡೆಯ ಹತ್ತಿರ ಕೂತರೆ ಎ ಗುಡುಗುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಅದೇ ಎ ಬಡವಾಗುತ್ತದೆ. ನಾನು ಒಂದು ಹಾಡಿನಲ್ಲಿ ಎಲ್ಲ ಎ ಸ್ವರಗಳನ್ನು ಮೆಲ್ಲಗೆ ನುಡಿಸಿ ಸಮ ಮಾಡಿದ್ದೆ, ಕಾರಿನಲ್ಲಿ ಕೇಳಿದಾಗ ಎ ಬಂದಲ್ಲೆಲ್ಲ ಗುಂಡಿ ಬಿದ್ದ ಹಾಗಿತ್ತು. ಕೈ ತಪ್ಪು ಮಾಡಿರಲಿಲ್ಲ, ಕೋಣೆ ಸುಳ್ಳು ಹೇಳಿತ್ತು.

ಇದನ್ನು ಸರಿಮಾಡಲು ಕೆಳಗಿನ ಸ್ವರಗಳನ್ನು ಹೀರುವ ದಪ್ಪದ ಬೇಸ್ ಟ್ರ್ಯಾಪ್‌ಗಳು ಬೇಕು. ಗೋಡೆಗೆ ಅಂಟಿಸುವ ಒಂದಿಂಚಿನ ಫೋಮ್, ಮೊಟ್ಟೆಯ ಟ್ರೇ ಇವು 56 ಹರ್ಟ್ಜ್‌ಗೆ ಏನೂ ಮಾಡುವುದಿಲ್ಲ. 5 ಇಂಚಿನ ಸ್ಟುಡಿಯೊ ಮಾನಿಟರ್ ಕೊಂಡರೂ ಕೆಳಗಿನ ಇ ಸ್ವರದ ಮೂಲ ಆವರ್ತನವನ್ನು ಅದು ಬಹುಮಟ್ಟಿಗೆ ಹೇಳಲಾರದು. ಅದರ ಮೇಲಿನ 82 ಹರ್ಟ್ಜ್ ಕೇಳಿ ಉಳಿದದ್ದನ್ನು ನಾವು ಊಹಿಸಿಕೊಳ್ಳುತ್ತೇವೆ. ಆದ್ದರಿಂದ ಬೇಸಿನವರಿಗೆ ನನ್ನ ಆಯ್ಕೆ ಹೆಡ್‌ಫೋನ್. ಕಿವಿ ಮುಚ್ಚುವ, ತಂತಿ ಇರುವ ಹೆಡ್‌ಫೋನ್: 1991ರಿಂದ ಸ್ಟುಡಿಯೊಗಳಲ್ಲಿ ನಡೆದುಬಂದ ಸೋನಿ ಎಂಡಿಆರ್ 7506 ಅಥವಾ ಆಡಿಯೊ ಟೆಕ್ನಿಕಾ ಎಂ 40 ಎಕ್ಸ್. ಇವೆರಡರಲ್ಲಿ ಸೋನಿಯ ಮೇಲಿನ ಸ್ವರಗಳು ತುಸು ಚೂಪು, ಬೆರಳಿನ ತಪ್ಪುಗಳು ಬೇಗ ಸಿಕ್ಕಿಬೀಳುತ್ತವೆ. ಬಹಳ ಹೊತ್ತು ಕೇಳಲು ಎಂ 40 ಎಕ್ಸ್ ಹಿತ. ಬ್ಲೂಟೂತ್ ಇಯರ್‌ಬಡ್ ಎಷ್ಟು ಒಳ್ಳೆಯದಿದ್ದರೂ ನುಡಿಸಲು ಆಗದು, ಬೆರಳು ಮುಟ್ಟಿದ ಎಷ್ಟೋ ಹೊತ್ತಿಗೆ ಸ್ವರ ಕಿವಿಗೆ ಬರುತ್ತದೆ, ತಾಳ ಕೈಬಿಟ್ಟುಹೋಗುತ್ತದೆ.

ಇಂಟರ್‌ಫೇಸ್ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. "ಇನ್‌ಸ್ಟ್ರುಮೆಂಟ್" ಅಥವಾ "ಹೈ ಝಡ್" ಎಂದು ಬರೆದ ಇನ್‌ಪುಟ್ ಇರಲೇಬೇಕು. ಮೊದಲ ರಾತ್ರಿ ನನ್ನ ಬೇಸ್ ಕಂಬಳಿ ಹೊದ್ದಿತ್ತಲ್ಲ, ಅದನ್ನು ತಪ್ಪಿಸುವ ಇನ್‌ಪುಟ್ ಅದೇ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಒಬ್ಬರಿಗೆ ಧಾರಾಳ ಸಾಕು. ಬೆರಿಂಜರ್‌ನಲ್ಲಿ ಯುಎಂಸಿ 22 ಬಹಳ ಅಗ್ಗ, ಆದರೆ ಅದು 16 ಬಿಟ್. ಸ್ವಲ್ಪ ಸೇರಿಸಿ 24 ಬಿಟ್‌ನ ಯುಎಂಸಿ 202 ಎಚ್‌ಡಿ ಕೊಳ್ಳುವುದು ವಾಸಿ. 24 ಬಿಟ್ ಇದ್ದರೆ ಮೀಟರ್ ಕೆಂಪು ಮುಟ್ಟುವವರೆಗೆ ಏರಿಸುವ ಹಂಬಲ ಬೇಡ, ಜೋರಾಗಿ ನುಡಿಸಿದಾಗಲೂ ಮೈನಸ್ 12 ಡೆಸಿಬಲ್ ಸುತ್ತ ಇಟ್ಟು ನಿಶ್ಚಿಂತೆಯಿಂದ ನುಡಿಸಬಹುದು. ವಿಂಡೋಸ್‌ನಲ್ಲಿ ಕಂಪನಿಯದೇ ಆಸಿಯೊ ಡ್ರೈವರ್ ಹಾಕಿ, 48 ಕಿಲೊ ಹರ್ಟ್ಜ್‌ಗೆ ಬಫರನ್ನು (ಕಂಪ್ಯೂಟರ್ ಸದ್ದನ್ನು ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಅಳತೆ) 128 ಸ್ಯಾಂಪಲ್ಲಿಗೆ ಇಳಿಸಿ. ಆ ಬಫರಿನ ತಡ 2.7 ಮಿಲಿಸೆಕೆಂಡ್, ಆಂಪಿನಿಂದ ಒಂದು ಮೀಟರ್ ದೂರ ನಿಂತಾಗ ಸದ್ದು ಕಿವಿಗೆ ಬರಲು ಹಿಡಿಯುವಷ್ಟೇ ಹೊತ್ತು. ಹೋಗಿ ಬರುವ ಒಟ್ಟು ತಡ ಅದಕ್ಕಿಂತ ಹೆಚ್ಚು, ಆದರೂ ನುಡಿಸಲು ಅಡ್ಡಿಯಾಗದು.

ಪೆಡಲಿನಲ್ಲೇ ಯುಎಸ್‌ಬಿ ಇದೆ, ಇಂಟರ್‌ಫೇಸ್ ಯಾಕೆ ಎಂದು ಕೇಳುವವರಿದ್ದಾರೆ. ಕೆಲವು ಪೆಡಲುಗಳಲ್ಲಿ, ಉದಾಹರಣೆಗೆ ಬಾಸ್ ಕಂಪನಿಯ ಜಿಟಿ 1ಬಿಯಲ್ಲಿ, ಆ ಕೇಬಲಿನಲ್ಲಿ ಸದ್ದೂ ಹೋಗುತ್ತದೆ. ಇನ್ನು ಕೆಲವದರಲ್ಲಿ ಅದು ಪೆಡಲಿನ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಮಾತ್ರ. ಡಬ್ಬಿಯ ಮೇಲೆ "ಯುಎಸ್‌ಬಿ ಆಡಿಯೊ" ಎಂದು ಸ್ಪಷ್ಟವಾಗಿ ಇದ್ದರಷ್ಟೇ ನಂಬಿ. ನಾಳೆ ಹಾಡುವ ಗೆಳತಿಯೊಬ್ಬರನ್ನು ಕರೆದು ಮೈಕ್ ಹಿಡಿಸಬೇಕೆಂಬ ಆಸೆ ಇದ್ದರೆ ಇಂಟರ್‌ಫೇಸೇ ಸರಿ.

ಸಾಫ್ಟ್‌ವೇರಿಗೆ ದುಡ್ಡು ಸುರಿಯಬೇಡಿ. ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ. ಉಳಿದವರಿಗೆ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್: 60 ದಿನ ಪೂರ್ತಿ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಲೈಸೆನ್ಸ್ 60 ಡಾಲರ್. ಆಂಪಿನ ಸದ್ದು ಬೇಕಾದರೆ ನ್ಯೂರಲ್ ಆಂಪ್ ಮಾಡೆಲರ್ ಎಂಬ ಉಚಿತ ಪ್ಲಗಿನ್ ಇದೆ. ಕೊಂಡು ತರಲಾಗದ, ಹೊತ್ತು ತರಲಾಗದ ದೊಡ್ಡ ಆಂಪುಗಳ ಸದ್ದು ಅದರಲ್ಲಿ ಸಿಗುತ್ತದೆ. ರೆಕಾರ್ಡ್ ಮಾಡುವಾಗ ಶುದ್ಧ ಡಿಐ ಸದ್ದನ್ನೇ ಇಟ್ಟುಕೊಳ್ಳಿ, ಬಣ್ಣವನ್ನು ಆಮೇಲೆ ಹಚ್ಚಿ. ಆ ಟ್ರ್ಯಾಕಿನ ನಕಲು ಮಾಡಿ, ನಕಲಿನ ಕೆಳಗಿನ ಸ್ವರಗಳನ್ನು ಕತ್ತರಿಸಿ, ಅದಕ್ಕೆ ಮಾತ್ರ ಡ್ರೈವ್ (ಸದ್ದನ್ನು ಒರಟು ಮಾಡುವ ಎಫೆಕ್ಟ್) ಹಾಕಿ ಮೂಲದ ಜೊತೆ ಮೆಲ್ಲಗೆ ಬೆರೆಸಿ ನೋಡಿ. ನಿಮ್ಮ ಹಾಡನ್ನು ಹೆಚ್ಚಿನ ಜನ ಕೇಳುವುದು ಮೊಬೈಲಿನ ಸ್ಪೀಕರಿನಲ್ಲಿ. ಅಲ್ಲಿ 41 ಹರ್ಟ್ಜ್ ಬರುವುದಿಲ್ಲ, ಆ ಒರಟಿನ ಮೂಲಕವೇ ಬೇಸ್ ನಡೆಯುವ ದಾರಿ ಅವರಿಗೆ ತಿಳಿಯುತ್ತದೆ.

ತಂತಿ, ಕೇಬಲ್, ಮತ್ತು ಹಳೆಯ ಸಾಮಾನು

ತಂತಿಯಲ್ಲಿ ರೌಂಡ್‌ವೌಂಡ್ ಹೊಳಪಿನದು, ಫ್ಲಾಟ್‌ವೌಂಡ್ ಮೃದುವಾದದ್ದು. ಫ್ಲಾಟ್ ದುಬಾರಿ, ಆದರೆ ವರ್ಷಗಟ್ಟಲೆ ಬಾಳುತ್ತದೆ, ಬೆರಳು ಜಾರುವ ಕಿರ್ರ್ ಸದ್ದು ರೆಕಾರ್ಡಿಂಗ್‌ನಲ್ಲಿ ಬರುವುದಿಲ್ಲ. ಭಾವಗೀತೆಗೆ ನುಡಿಸುವವರು ಒಮ್ಮೆ ಹಾಕಿ ನೋಡಲೇಬೇಕು. ಕೇಬಲ್ ಎರಡು ಇರಲಿ, ಒಂದು ಕೈಕೊಡುತ್ತದೆ. ಬೆಂಗಳೂರಿನವರು ಎಸ್.ಪಿ. ರೋಡಿನಲ್ಲಿ ಜ್ಯಾಕ್, ಕೇಬಲ್ ಬಿಡಿಯಾಗಿ ತಂದು ತಾವೇ ಬೆಸುಗೆ ಹಾಕಿಕೊಂಡರೆ ದುಡ್ಡೂ ಉಳಿಯುತ್ತದೆ, ವೇದಿಕೆಯ ಮೇಲೆ ಕೆಟ್ಟಾಗ ಎಲ್ಲಿ ಕೆಟ್ಟಿದೆಯೆಂದೂ ಗೊತ್ತಾಗುತ್ತದೆ.

50 ಸಾವಿರ ಕೈಯಲ್ಲಿದೆ ಎಂದಾದರೆ ನಾನು ಅರ್ಧವನ್ನು ಸೆಟಪ್ ಸೇರಿ ಬೇಸಿಗೆ, ಮೂರನೇ ಒಂದು ಭಾಗವನ್ನು ಇಂಟರ್‌ಫೇಸ್ ಮತ್ತು ಹೆಡ್‌ಫೋನಿಗೆ, ಉಳಿದದ್ದನ್ನು ಡಿಐ, ಕೇಬಲ್, ಗಟ್ಟಿ ಬ್ಯಾಗಿಗೆ ಹಾಕುತ್ತೇನೆ. ಅಷ್ಟಿಲ್ಲದವರು ಹಳೆಯ ಬೇಸ್ ಹುಡುಕಿ. ಇಂಜಿನಿಯರಿಂಗ್ ಓದು ಮುಗಿಸಿ ಊರು ಬಿಡುವವರ ಬೇಸ್‌ಗಳು ಬೆಂಗಳೂರು, ಮೈಸೂರು, ಮಣಿಪಾಲದಲ್ಲಿ ಎಷ್ಟೋ ಸಲ ಹೊಸದರಂತೆಯೇ ಇರುತ್ತವೆ.

ನೋಡಲು ಹೋಗುವಾಗ ನಿಮ್ಮ ಪೆಡಲ್ ಅಥವಾ ಹೆಡ್‌ಫೋನ್ ಆಂಪ್ ಜೊತೆಗಿರಲಿ, ಹಗಲಲ್ಲೇ ಹೋಗಿ. ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬಾಡಿಯ ಕಡೆಯಿಂದ ನೆಕ್ ಉದ್ದಕ್ಕೂ ನೋಡಿ. ತುಸು ಬಾಗಿದ್ದರೆ ಟ್ರಸ್ ರಾಡ್ ಸರಿಮಾಡುತ್ತದೆ; ಹಗ್ಗ ಹೊಸೆದಂತೆ ತಿರುಚಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಪ್ರತಿ ತಂತಿಯಲ್ಲೂ ಪ್ರತಿ ಫ್ರೆಟ್ ನುಡಿಸಿ, ಎಲ್ಲಿ ಸ್ವರ ತಟ್ಟನೆ ಸಾಯುತ್ತದೆ, ಎಲ್ಲಿ ಝೇಂಕರಿಸುತ್ತದೆ ಎಂದು ಗುರುತಿಸಿಕೊಳ್ಳಿ. ವಾಲ್ಯೂಮ್ ಗುಂಡಿ ತಿರುಗಿಸಿದಾಗ ಕರಕರ ಅಂದರೆ ಹೆದರಬೇಕಿಲ್ಲ, ಸ್ಪ್ರೇ ಹೊಡೆದರೆ ಹೋಗುತ್ತದೆ. ಟ್ರಸ್ ರಾಡಿನ ನಟ್ ಎರಡೂ ಕಡೆ ತಿರುಗುತ್ತದೆಯೇ ಎಂದು ಮಾಲೀಕರಿಂದಲೇ ತಿರುಗಿಸಿ ತೋರಿಸಿಕೊಳ್ಳಿ. ಆಕ್ಟಿವ್ ಬೇಸ್ ಆದರೆ ಹಿಂದಿನ ಮುಚ್ಚಳ ತೆಗೆದು ನೋಡಿ: ಹಳೆಯ ಬ್ಯಾಟರಿ ಸೋರಿ ಪಿನ್ನುಗಳು ಹಸಿರುಗಟ್ಟಿದ್ದರೆ ಆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡೇ ಮಾತಾಡಿ.